ಗೋಡೆಯೊಳಗಿನ ದುಡಿಮೆ

‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತನ್ನು ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಸೀಮೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರು 1845ರಲ್ಲಿ ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ ತೆರೆದರು; ಇಂದು ಅದು ‘ಡಿಮ್ಹಾನ್ಸ್’. ಈ ನಾಲ್ಕು ತಾಲ್ಲೂಕುಗಳೂ 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವವರೆಗೆ ಧಾರವಾಡ ಜಿಲ್ಲೆಯವೇ ಆಗಿದ್ದವು.

1912ರ ಹುಚ್ಚರ ಕಾಯ್ದೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಹೋದವನಿಗೆ ಹೊರಬರುವ ದಿನ ಗೊತ್ತಿರುತ್ತಿರಲಿಲ್ಲ. ಬೇನೆ ಒಂದು ಕಡೆ, ಖಾಲಿ ಹೊತ್ತು ಇನ್ನೊಂದು ಕಡೆ. ಬೀಗ ಹಾಕಿದ ವಾರ್ಡಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಮನುಷ್ಯ ಏನು ಮಾಡಬೇಕು?

ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಕ್ವೇಕರ್ ಪಂಥದವರು 1796ರಲ್ಲಿ ತೆರೆದ ಆಶ್ರಯಧಾಮದಲ್ಲಿ ಸರಪಳಿ ಬಿಟ್ಟು ತೋಟದ ಕೆಲಸ, ಹೊಲಿಗೆ ಕೊಟ್ಟರು. ವಿಚಾರ ಒಳ್ಳೆಯದೇ. ಆದರೆ ಅದು ವಸಾಹತುಗಳ ಆಸ್ಪತ್ರೆಗಳಿಗೆ ಬಂದಾಗ ಜೊತೆಗೊಂದು ಲೆಕ್ಕಾಚಾರವೂ ಬಂತು: ರೋಗಿ ದುಡಿದರೆ ಸರಕಾರದ ಖರ್ಚು ಇಳಿಯುತ್ತದೆ! ಚಿಕಿತ್ಸೆ ಎಲ್ಲಿ ಮುಗಿದು ಬಿಟ್ಟಿ ಚಾಕರಿ ಎಲ್ಲಿ ಶುರುವಾಯಿತು ಎಂದು ಕೇಳುವವರು ಕಡಿಮೆ.

ಆ ಗೆರೆಯನ್ನು ಎಳೆದದ್ದು 2018ರಲ್ಲಿ ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆಸ್ಪತ್ರೆಯಲ್ಲಿರುವವರನ್ನು ಬಲವಂತವಾಗಿ ದುಡಿಸುವಂತಿಲ್ಲ. ದುಡಿದರೆ ತಕ್ಕ ಕೂಲಿ ಕೊಡಬೇಕು. ವಿರಾಮ, ಮನರಂಜನೆ, ಓದು, ಅವರವರ ಧರ್ಮಾಚರಣೆಗೂ ಅವಕಾಶವಿರಬೇಕು. ನ್ಯಾಯಾಲಯದ ಆದೇಶದಿಂದ ಒಳಗಿರುವವನೂ ಇಲ್ಲಿ ರೋಗಿಯೇ.

ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮೇಣದಬತ್ತಿ, ಚಾಪೆ ಹೆಣಿಗೆ, ಮುದ್ರಣದ ಕೆಲಸಗಳು ಬೆಳೆದಿವೆ. ಬೇಯಿಸಿದ ಬ್ರೆಡ್ಡನ್ನು ಯಾರೋ ಕಾಸು ಕೊಟ್ಟು ಕೊಂಡು ತಿನ್ನುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ. ಸುಮ್ಮನೆ ಮಣಿ ಪೋಣಿಸಿ, ಸಂಜೆಗೆ ಬಿಚ್ಚಿಡುವ ಕೆಲಸಕ್ಕೂ ಇದಕ್ಕೂ ಇರುವ ಅಂತರ ರೋಗಿಗೆ ಚೆನ್ನಾಗಿ ಗೊತ್ತು.

ಆದರೂ ಸವಣೂರಿನ ಎಲೆತೋಟದವನೊಬ್ಬನನ್ನು ನೆನೆಯಿರಿ. ವೀಳ್ಯದ ಬಳ್ಳಿ ಹಬ್ಬಿಸಿ, ಎಲೆ ಕೊಯ್ದು, ಎಣಿಸಿ ಕಟ್ಟು ಕಟ್ಟಿದ ಕೈ ಅದು. ಹಾನಗಲ್ಲಿನವನಿಗೆ ಭತ್ತದ ಗದ್ದೆ, ಮಾವಿನ ತೋಟ. ಹಿರೇಕೆರೂರಿನವನಿಗೆ ಹತ್ತಿ, ಗೋವಿನಜೋಳ. ಮೇಣದಬತ್ತಿ ಕಲಿಸುವುದು ತಪ್ಪೇನಲ್ಲ. ಆದರೆ ‘ನಿನಗೇನು ಬರುತ್ತದೆ?’ ಎಂದು ಮೊದಲು ಕೇಳಿದರೆ, ಆಸ್ಪತ್ರೆಯ ಅಂಗಳದಲ್ಲೇ ಒಂದು ಬಳ್ಳಿ ಹಬ್ಬೀತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಿಂದ ಈಗ ಗುಳಿಗೆ ಹಾವೇರಿಯಲ್ಲೇ ಸಿಗುತ್ತದೆ. ಗುಣವಾಗಿ ಊರಿಗೆ ಬಂದವನನ್ನು ಮರುದಿನ ತೋಟಕ್ಕೆ ಕರೆಯುವವರು ಮಾತ್ರ ಊರಿನವರೇ ಆಗಬೇಕು.