ತಾತನ ಹೆಸರಲ್ಲಿ ಒಂದು ಚೀಟಿ ಮಾಡಿಸಿ

ಮಾದಕ ವಸ್ತು ವಿರೋಧಿ ದಿನ ಬಂದರೆ ಪ್ರತಿಜ್ಞೆ ಮಾಡುವವರು ನೀವು, ಬ್ಯಾನರ್ ಹಿಡಿದು ಬಳ್ಳಾರಿಯ ರಾಯಲ್ ಸರ್ಕಲ್ ಸುತ್ತುವವರೂ ನೀವೇ. ಮನೆಗೆ ಬಂದರೆ ಕಟ್ಟೆ ಮೇಲೆ ಕೂತ ತಾತ ನೋಟು ಮಡಚಿ ಕೊಟ್ಟು, ‘ಒಂದು ಕ್ವಾರ್ಟರ್ ತಗೊಂಬಾರೋ’ ಅನ್ನುತ್ತಾನೆ. ಬೈಕಿನ ಕೀಲಿ ನಿಮ್ಮ ಕೈಯಲ್ಲೇ ಇರುತ್ತದೆ, ಹೋಗಿ ತರುತ್ತೀರಿ. ಆ ಕ್ವಾರ್ಟರ್ ಬಗ್ಗೆ ಯಾವ ಬ್ಯಾನರಿನಲ್ಲೂ ಒಂದು ಅಕ್ಷರವಿಲ್ಲ.

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ನಿಮ್ಮಲ್ಲಿ ಎಷ್ಟೋ ಜನ ಆಗಿನ್ನೂ ತೊಟ್ಟಿಲಲ್ಲಿದ್ದಿರಿ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊತ್ತು, ಕುರುಗೋಡಿನ ಹೊಲಗಳಲ್ಲಿ ಬೆನ್ನು ಬಗ್ಗಿಸಿ, ಸಂಜೆ ಸಾರಾಯಿ ಪ್ಯಾಕೆಟ್ಟಿನ ತುದಿಯನ್ನು ಹಲ್ಲಲ್ಲಿ ಹರಿದವರು ಈಗ ಅರವತ್ತು ದಾಟಿದ್ದಾರೆ. ಪ್ಯಾಕೆಟ್ ಹೋಯಿತು, ಚಟ ಅಂಗಡಿ ಬದಲಿಸಿತು, ಅಷ್ಟೇ. ಪಕ್ಕದ ರಾಯಚೂರು ಕಡೆ ‘ಸಿಎಚ್ ಪೌಡರ್’ ಅನ್ನುವ ಕ್ಲೋರಲ್ ಹೈಡ್ರೇಟ್ ಕಲಸಿದ ಹೆಂಡದ ಪಾಡಂತೂ ಬೇರೆಯೇ. ಇನ್ನು ಡಾಕ್ಟರ ಚೀಟಿಯಿಲ್ಲದೆ ವರ್ಷಗಟ್ಟಲೆ ನುಂಗುವ ನಿದ್ದೆ ಗುಳಿಗೆಯನ್ನು ಚಟ ಅಂತ ಯಾರೂ ಎಣಿಸುವುದೇ ಇಲ್ಲ, ಅದು ಅಜ್ಜಿಯ ಸೆರಗಿನ ಗಂಟಿನಲ್ಲಿದ್ದರೂ.

‘ಇಷ್ಟು ವರ್ಷ ಕುಡಿದಾನ, ಇನ್ನೇನು ಬಿಡ್ತಾನ’ ಅನ್ನುವ ಹಿರಿಯರ ಮಾತನ್ನು ನಂಬಬೇಡಿ. ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಇಳಿಯುತ್ತದೆ, ಅದೇ ಕ್ವಾರ್ಟರ್ ರಕ್ತದಲ್ಲಿ ಹೆಚ್ಚು ಏರುತ್ತದೆ. ಮೇಲೆ ಬಿಪಿ, ಶುಗರ್ ಮಾತ್ರೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದರೆ ‘ವಯಸ್ಸಾಯ್ತು’ ಅಂದು ಸುಮ್ಮನಾಗುತ್ತೇವೆ. ಮರೆವಿಗೂ ಅದೇ ಸಮಾಧಾನ. ಆದರೆ ಕುಡಿತದಿಂದ ಥಯಾಮಿನ್ ಬತ್ತಿದರೂ ನೆನಪು ಕೆಡುತ್ತದೆ. ಬೇಗ ಗುರುತಿಸಿದರೆ ಅದಕ್ಕೆ ಇಂಜೆಕ್ಷನ್ ಉಂಟು.

ಒಂದು ಮಾತು, ಇದು ಜೀವದ ಪ್ರಶ್ನೆ. ಹುಮ್ಮಸ್ಸಿನಲ್ಲಿ ಬಾಟಲಿ ಒಡೆದು, ತಾತನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ. ದಿನಾ ಕುಡಿಯುವ ಮುದಿ ದೇಹಕ್ಕೆ ಒಮ್ಮೆಲೇ ಮದ್ಯ ತಪ್ಪಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಎರಡು–ಮೂರು ದಿನದೊಳಗೆ ಇಲ್ಲದ್ದು ಕಂಡು ಕೂಗಾಡಬಹುದು. ಅದು ದೆವ್ವ ಹಿಡಿದದ್ದಲ್ಲ, ಪ್ರಾಣಕ್ಕೇ ಕುತ್ತು ತರುವ ಸ್ಥಿತಿ. ನಿದ್ದೆ ಗುಳಿಗೆಯದೂ ಇದೇ ಕಥೆ. ಬಿಡಿಸುವುದು ವೈದ್ಯರ ಕಣ್ಣೆದುರೇ ಆಗಬೇಕು.

ಹಾಗಾದರೆ ನಿಮ್ಮ ಕೆಲಸ? ಕರೆದುಕೊಂಡು ಹೋಗುವುದು! ಹಂಪಿಗೂ ಗೋವಾಕ್ಕೂ ಬೈಕ್ ಓಡಿಸುವವರಿಗೆ ಸರ್ಕಾರಿ ಆಸ್ಪತ್ರೆ ಯಾವ ದೂರ? ಸಿರುಗುಪ್ಪ, ಕುರುಗೋಡಿನವರು ಮೊದಲು ಊರಿನ ಆಸ್ಪತ್ರೆಯಲ್ಲೇ ವಿಚಾರಿಸಿ. ಬಳ್ಳಾರಿಯಲ್ಲಿ, ಜನರ ಬಾಯಲ್ಲಿ ಇನ್ನೂ ‘ವಿಮ್ಸ್’ ಆಗಿಯೇ ಇರುವ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗವಿದೆ. ‘ಹುಚ್ಚರ ಡಾಕ್ಟರು’ ಅಂತ ತಾತ ಬೆಚ್ಚಿದರೆ, ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ನೀವೇ ಕರೆ ಮಾಡಿ. ಮಾತು ಕನ್ನಡದಲ್ಲೇ ನಡೆಯುತ್ತದೆ. ಬಿಟ್ಟವನು ಮತ್ತೆ ಎಡವಿದರೆ ಅಣಕಿಸದೆ ಮತ್ತೆ ಬೈಕ್ ಹತ್ತಿಸಿಕೊಂಡು ಹೋಗಿ. ಸಂಜೆ ಆರರ ಹೊತ್ತು, ಚಟ ಕರೆಯುವ ಆ ಗಳಿಗೆಯಲ್ಲಿ, ಮೊಬೈಲ್ ಬದಿಗಿಟ್ಟು ಪಕ್ಕದಲ್ಲಿ ಕೂರಿ.

ಈ ವಾರವೇ ಹೊರಡಿ, ಆಸ್ಪತ್ರೆಯಲ್ಲಿ ತಾತನ ಹೆಸರಲ್ಲಿ ಚೀಟಿ ಮಾಡಿಸಿ. ತಾತ ಬೈದರೆ ಬೈಯಲಿ. ಆಧಾರ್ ಕಾರ್ಡು, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ ಎರಡನ್ನೂ ಜೇಬಿಗೆ ಹಾಕಿಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಆ ಮಾತ್ರೆಗಳ ಬಗ್ಗೆಯೇ.