ತೂತಿಗೆ ಎಂಥ ಬೂಚು?

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತಿನ ಬರಹರೂಪ)



ಡಾಕ್ಟರು, ಎಂಜಿನಿಯರು ಮಾತಾಡಿ ಹೋದ ಮೇಲೆ ಲೇಥ್ ಮೇಲೆ ಕಟ್ಟಿಗೆ ಕಡೆಯುವವನನ್ನು ನಿಲ್ಲಿಸಿದ್ದೀರಿ. "ನಿನ್ನ ಕಸುಬಿನದೇ ಏನಾದರೂ ಹೇಳು, ದೊಡ್ಡ ಮಾತು ಬೇಡ" ಎಂದು ಹೆಡ್‌ಮಾಸ್ತರರು ಮೊದಲೇ ಹೇಳಿದ್ದಾರೆ. ಅದಕ್ಕೇ ಸಣ್ಣ ವಿಷಯ ತಂದಿದ್ದೇನೆ. ತೂತಿಗೆ ಬಡಿಯುವ ಬೂಚು. ಅದೂ ಕಾಯಂ ಬೂಚಲ್ಲ, ಕೆಲಸ ಮುಗಿಯುವ ತನಕ ಇದ್ದು ಆಮೇಲೆ ತೆಗೆಯುವ ಬೂಚು.

ಲೇಥ್ ನೋಡದವರಿಗೆ ಒಂದು ಮಾತು. ಕಟ್ಟಿಗೆಯ ತುಂಡನ್ನು ಎರಡು ಮೊನೆಗಳ ನಡುವೆ ಹಿಡಿಸಿ ಗರಗರ ತಿರುಗಿಸುತ್ತೇವೆ, ಉಳಿ ಹಿಡಿದು ಕಡೆಯುತ್ತೇವೆ. ಲಟ್ಟಣಿಗೆ, ತೊಟ್ಟಿಲ ಕಾಲು, ಮಂಚದ ಕಾಲು ಎಲ್ಲವೂ ಹೀಗೇ. ಚನ್ನಪಟ್ಟಣದವರು ಹಾಲೆ ಮರವನ್ನು ಹೀಗೇ ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಹತ್ತಿಸುತ್ತಾರೆ. ಆದರೆ ತುಂಡಿನ ನಡುವೆ ಮೊದಲೇ ತೂತಿದ್ದರೆ? ಢೋಲಕಿ, ಚಕ್ಕಡಿ ಗಾಲಿಯ ಗುಂಭ, ಸನಾದಿ, ಇವೆಲ್ಲ ಪೊಳ್ಳು. ಮೊನೆ ಊರಲಿಕ್ಕೆ ಜಾಗವೇ ಇಲ್ಲ. ಆಗ ತೂತಿಗೆ ಬೂಚು ಹಾಕಿ, ಬೂಚಿನ ನಡುವಿಗೆ ಮೊನೆ ಊರಬೇಕು.

ಕಾಗವಾಡ ದಾಟಿದರೆ ಮಿರಜ. ಅಲ್ಲಿಯ ಸಿತಾರು, ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದನ್ನು ಪೇಪರಿನಲ್ಲಿ ಓದಿದ್ದೀರಿ. ತಂಬೂರಿಯ ಬಿರಡೆಯ ತೂತು ಸವೆದು ಅಗಲವಾದರೆ ಅದಕ್ಕೆ ಗಟ್ಟಿ ಕಟ್ಟಿಗೆ ತುಂಬಿ, ಅಂಟು ಹಚ್ಚಿ, ಮತ್ತೆ ತೂತು ಕೊರೆಯಬೇಕಾಗುತ್ತದೆ. ಅದು ಕಾಯಂ ಬೂಚು. ಅಲ್ಲಿ ಗಟ್ಟಿಯಾದದ್ದೇ ಬೇಕು. ನಮ್ಮ ಬೂಚು ಇದಕ್ಕೆ ಉಲ್ಟಾ. ಒತ್ತಡ ಹೆಚ್ಚಾದರೆ ಮೊದಲು ಜಜ್ಜಿಹೋಗಬೇಕಾದದ್ದು ಬೂಚು, ಒಡಲಲ್ಲ.

ಇದರ ಬೆಲೆ ಏನು ಎನ್ನುವುದಕ್ಕೆ ಒಂದು ಕೆಲಸದ ಸುದ್ದಿ ಹೇಳುತ್ತೇನೆ. ಮೂರು ವರ್ಷದ ಹಿಂದೆ ರಾಯಬಾಗ ಕಡೆಯ ಭಜನಾ ಮಂಡಳಿಯ ಹಿರಿಯರೊಬ್ಬರು ಹಳೆಯ ಢೋಲಕಿ ತಂದರು. ಚರ್ಮ ಹೋಗಿತ್ತು, ಶೀಸಂ ಒಡಲು ಮಾತ್ರ ಉಳಿದಿತ್ತು. ಬಾಯಿಯ ಅಂಚು ಅಲ್ಲಲ್ಲಿ ಹುಳ ತಿಂದು ಏರುಪೇರಾಗಿತ್ತು. ಅಂಚು ಸಮ ಮಾಡಿ, ಹೊರಮೈ ಒಂದು ಪದರು ತೆಗೆದು ಕೊಡಬೇಕು. ಕೆಲಸ ಒಂದು ತಾಸಿನದು. ಆದರೆ ಹಿರಿಯರು ಅಂದರು: "ಇದು ನಮ್ಮ ಮುತ್ತ್ಯಾನ ಕಾಲದ್ದೊ ತಮ್ಮಾ. ಸೀಳಿತಂದ್ರ ಹೊಸಾದು ತರಬಹುದು, ಈ ನಾದ ತರಾಕ ಆಗೂದಿಲ್ಲ." ಅಂಚಿನ ದಪ್ಪ ಕೆಲವು ಕಡೆ ಅರ್ಧ ಇಂಚೂ ಇರಲಿಲ್ಲ.

ಲೇಥಿನ ಶಂಕುವಿನಂಥ ಮೊನೆಯನ್ನು ನೇರ ಬಾಯಿಗೆ ಕೊಟ್ಟು ಬಿಗಿ ಮಾಡಿದರೆ ಅದು ಬೆಣೆಯಂತೆ ಕೆಲಸ ಮಾಡುತ್ತದೆ. ಸೌದೆ ಸೀಳುವ ಬೆಣೆಯನ್ನು ನೋಡಿದ್ದೀರಲ್ಲ, ಅದೇ. ಗಟ್ಟಿ ಜಾಲಿಯ ಬೂಚನ್ನು ಚೂಪಾಗಿ ಕಡೆದು ಸುತ್ತಿಗೆಯಿಂದ ಬಡಿದರೂ ಅದೇ ಗತಿ. ಹಾಗಾಗಿ ಬೂಚಿಗೆ ನಾನು ಮೆಟ್ಟಿಲು ಕಡೆಯುತ್ತೇನೆ: ಸಣ್ಣ ಭಾಗ ತೂತಿನೊಳಗೆ ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಕೂಡಬೇಕು, ದೊಡ್ಡ ಭಾಗ ಬಾಯಿಯ ಅಂಚಿಗೆ ಆನಿಸಿಕೊಂಡು ನಿಲ್ಲಬೇಕು. ಆಗ ಮೊನೆಯ ಒತ್ತಡ ಉದ್ದಕ್ಕೆ ಹೋಗುತ್ತದೆ, ಅಗಲಕ್ಕೆ ಸೀಳುವುದಿಲ್ಲ. ಆನಿಸುವ ಮೊದಲು ಏರುಪೇರಾದ ಅಂಚನ್ನು ಕೈಯಿಂದಲೇ ಅರದಲ್ಲಿ ತಿಕ್ಕಿ ಸ್ವಲ್ಪ ಸಮ ಮಾಡಿಕೊಂಡೆ.

ಇನ್ನೊಂದು ತೊಡಕು. ಕಟ್ಟಿಗೆ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಮರದ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಹಳೆಯ ಢೋಲಕಿಯ ಬಾಯಿ ದುಂಡಗಿರುವುದಿಲ್ಲ, ತತ್ತಿಯ ಆಕಾರಕ್ಕೆ ಬಂದಿರುತ್ತದೆ. ದುಂಡನೆಯ ಬೂಚು ಎರಡೇ ಕಡೆ ತಾಗುತ್ತದೆ. ಉಳಿದ ಸಂದಿಗೆ ಹಳೆಯ ಧೋತರದ ಪಟ್ಟಿ ಸುತ್ತಿದೆ. ನಡುಬಿಂದುವನ್ನು ತೂತು ನೋಡಿ ಗುರುತು ಮಾಡಲಿಲ್ಲ, ಹೊರಸುತ್ತು ಅಳೆದು ಗುರುತು ಮಾಡಿದೆ. ಒಡಲು ಸೀಳಲಿಲ್ಲ. ಮುಂದಿನ ಮಾಘ ಮಾಸದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವ ದಾರಿಯಲ್ಲಿ ಅವರು ಅಂಗಡಿಗೆ ಬಂದು ನಾಲ್ಕು ಪೆಟ್ಟು ಬಾರಿಸಿ ಕೇಳಿಸಿದರು.

ಈಗ ಸಾಮಾನಿನ ಮಾತು. ದೊಡ್ಡ ತೂತಿಗೆ ನನ್ನ ಮೊದಲ ಆಯ್ಕೆ ಒಣಗಿದ ಮೆದು ಕಟ್ಟಿಗೆ: ಹಾಲೆ ಸಿಕ್ಕರೆ ಹಾಲೆ, ಇಲ್ಲವಾದರೆ ಯಂತ್ರದ ಸಾಮಾನು ತುಂಬಿ ಬರುವ ಪೆಟ್ಟಿಗೆಯ ಪೈನ್ ಹಲಗೆ. ಕಟ್ಟಿಗೆಯ ಎಳೆ ಒಡಲಿನ ಎಳೆಯ ದಿಕ್ಕಿಗೇ ಇರಬೇಕು. ಹಸಿ ಕಟ್ಟಿಗೆ ಬೇಡ. ರಾತ್ರಿ ಬಿಗಿಯಾಗಿದ್ದದ್ದು ಮುಂಜಾನೆ ಒಣಗಿ ಅಲ್ಲಾಡುತ್ತಿರುತ್ತದೆ. ನುಗ್ಗೆ ತೀರ ಬೆಂಡು, ಮೊನೆಯನ್ನು ಹಿಡಿಯುವುದಿಲ್ಲ. ಪ್ಲೈವುಡ್ ಸೀಳುವುದಿಲ್ಲ, ನಿಜ, ಆದರೆ ಅದರ ಅಂಟು ಉಳಿಯ ಬಾಯಿ ತಿನ್ನುತ್ತದೆ.

ಗುಂಭಕ್ಕೆ ಹಿಂದೆ ಹೆಚ್ಚಾಗಿ ಜಾಲಿಯೇ. ಹಸಿ ಆರದ ಜಾಲಿಗೆ ಕಬ್ಬಿಣದ ಪೈಪು ತುರುಕಿ ಬಿಟ್ಟರೆ ತೂತಿನ ಸುತ್ತ ಕಪ್ಪು ಕಲೆ ಕೂಡುತ್ತದೆ. ಜಾಲಿಯಲ್ಲಿರುವ ಒಗರು ಅದಕ್ಕೆ ಕಾರಣ. ಅಥಣಿ ಚಪ್ಪಲಿಯ ತೊಗಲು ಹದ ಮಾಡಲು ಜಾಲಿ ತೊಗಟೆ ಬಳಸುವುದೂ ಅದೇ ಒಗರಿಗಾಗಿ.

ಬೆರಳು ದಪ್ಪದ ತೂತಿಗೆ ಗೋವಿನಜೋಳದ ದಂಡು ನೋಡಿ. ಪುಕ್ಕಟೆ ಸಿಗುತ್ತದೆ, ಒರಟಾಗಿರುವುದರಿಂದ ಜಾರುವುದಿಲ್ಲ, ಚಾಕುವಿನಿಂದ ಹೆರೆಯಬಹುದು. ಬಣ್ಣ, ಪಾಲಿಶ್ ಒಳಗೆ ಹೋಗದಂತೆ ಮುಚ್ಚಲು ಅದಕ್ಕಿಂತ ಚೊಲೋದು ಇಲ್ಲ. ಆದರೆ ಅದರ ಮೇಲೆ ಮೊನೆ ಊರಿ ಉಳಿ ಕೊಡಬೇಡಿ. ಬಾಟಲಿಯ ಕಾರ್ಕ್ ಸಹ ಅಷ್ಟೇ, ಅದು ಸ್ಪ್ರಿಂಗಿನಂತೆ ಪುಟಿಯುತ್ತದೆ. ಕಡೆದ ಮೈ ಅಲೆಅಲೆಯಾಗುತ್ತದೆ.

ಬೇಡವೇ ಬೇಡ ಎನ್ನುವಂಥವು: ಮಣ್ಣು ಮತ್ತು ಸಿಮೆಂಟು, ಒಂದು ಹರಳು ಸಿಕ್ಕರೆ ಉಳಿ ಮೊಂಡು. ಮೇಣದಬತ್ತಿ, ಸಾಬೂನು ಕಟ್ಟಿಗೆಯೊಳಗೆ ಇಳಿಯುತ್ತವೆ, ಆ ಜಾಗಕ್ಕೆ ಪಾಲಿಶ್ ಹತ್ತುವುದಿಲ್ಲ. ಥರ್ಮೋಕೋಲಿಗೆ ಥಿನ್ನರ್ ತಾಗಿದರೆ ಕರಗಿ ಅಂಟಾಗುತ್ತದೆ. ಒಬ್ಬ ಹುಡುಗ ಕಣಕ ನಾದಿ ತುಂಬಿದ್ದನ್ನೂ ಕಂಡಿದ್ದೇನೆ. ಅದರ ನೀರು ಕುಡಿದು ಕಟ್ಟಿಗೆ ಉಬ್ಬಿತು, ಹಿಟ್ಟು ಒಣಗಿ ಉದುರಿತು, ಇರುವೆಗಳಿಗೆ ಮಾತ್ರ ಹಬ್ಬ.

ಬೂಚು ನಿಲ್ಲುವುದೇ ಇಲ್ಲ ಎಂದರೆ ಅಂಟು ಹಚ್ಚಬೇಕಾಗುತ್ತದೆ. ಆಗ ಮೆಟ್ಟಿಲಿಗೂ ಬಾಯಿಯ ಅಂಚಿಗೂ ನಡುವೆ ಪೇಪರಿನ ಒಂದು ಹಾಳೆ ಇಟ್ಟು ಎರಡೂ ಮಗ್ಗುಲಿಗೆ ಅಂಟು ಹಚ್ಚಿ. ಕೆಲಸ ಮುಗಿದ ಮೇಲೆ ಹಾಳೆಯ ಗುಂಟ ಚಪ್ಪಟೆ ಉಳಿ ಇಟ್ಟು ಮೆಲ್ಲಗೆ ತಟ್ಟಿದರೆ ಹಾಳೆಯೇ ಎರಡಾಗಿ ಸೀಳುತ್ತದೆ, ಕಟ್ಟಿಗೆಗೆ ಏನೂ ಆಗದು. ಉಳಿದ ಕಾಗದವನ್ನು ಒದ್ದೆ ಅರಿವೆಯಿಂದ ತೊಯಿಸಿ ಕೆರೆದು ತೆಗೆಯಿರಿ.

ಐಟಿಐಗೆ ಹೋಗುವ ಮಕ್ಕಳು ಇಲ್ಲಿದ್ದೀರಿ. ಬೂಚು ಹಾಕಿದ ತುಂಡನ್ನು ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಕಡಿಮೆ ವೇಗ. ಸ್ವಿಚ್ ಹಾಕುವಾಗ ತುಂಡಿನ ಎದುರಿಗೆ ನಿಲ್ಲದೆ ಮಗ್ಗುಲಿಗೆ ನಿಲ್ಲಿ. ತೋಳು ಮಡಚಿ, ಟವೆಲ್ ಹೆಗಲಿನಿಂದ ತೆಗೆದಿಡಿ. ಐದು ನಿಮಿಷಕ್ಕೊಮ್ಮೆ ಲೇಥ್ ನಿಲ್ಲಿಸಿ ಮೊನೆ ಸಡಿಲಾಗಿದೆಯೇ ನೋಡಿ. ಮೆದು ಕಟ್ಟಿಗೆಯಲ್ಲಿ ಮೊನೆ ಒಳಗಿಳಿಯುತ್ತಲೇ ಇರುತ್ತದೆ.

ತೆಗೆದ ಬೂಚನ್ನು ಒಲೆಗೆ ಹಾಕಬೇಡಿ. ಪೆನ್ಸಿಲಿನಿಂದ ಅಳತೆ ಬರೆದು ಡಬ್ಬಿಗೆ ಹಾಕಿ. ನನ್ನ ಅಂಗಡಿಯಲ್ಲಿ ಎಣ್ಣೆಯ ಎರಡು ಡಬ್ಬಿ ತುಂಬ ಇವೆ, ಅರ್ಧ ಇಂಚಿನಿಂದ ಒಂಬತ್ತು ಇಂಚಿನ ತನಕ. ಬೇಕಾದವರು ಬಂದು ಒಯ್ಯಬಹುದು.