ಚೀಟಿ ಎತ್ತುವ ನ್ಯಾಯ
(ಶಾಲೆಯ ಸ್ನೇಹಸಮ್ಮೇಳನದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾಡಿಕೆಯಂತೆ ಶಾಲೆಯ ವರದಿಯನ್ನು ಓದಿ ಮುಗಿಸಿದ್ದೇನೆ. ಈಗ ಹೇಳಹೊರಟಿರುವುದು ವರದಿಯಲ್ಲಿ ಬಾರದ ಮಾತು. ಕಳೆದ ವಾರ ಕೆಲವರು ಪಾಲಕರು ನನ್ನ ಕೋಣೆಗೆ ಬಂದಿದ್ದರು. “ಗುರುಗಳೇ, ಮಕ್ಕಳಿಗೆ ಓದು ಕಲಿಸಲು ಇಬ್ಬರು ಸಹಾಯಕಿಯರು ಬರುತ್ತಾರಂತೆ. ಮೂರನೆಯ ಇಯತ್ತೆಗೆ ಎರಡು ತುಕಡಿ, ನಾಲ್ಕನೆಯದಕ್ಕೆ ಎರಡು. ಯಾವುದಕ್ಕೆ ಮೊದಲೆಂಬುದನ್ನು ಚೀಟಿ ಎತ್ತಿ ನಿರ್ಣಯಿಸುವಿರಂತೆ. ಇದೆಂಥ ನ್ಯಾಯ?” ಎಂದು ಕೇಳಿದರು. ಅಂದು ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಇಂದು ಸಾವಕಾಶವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನನ್ನದೊಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಸಾಯಂಕಾಲ ಗಣಿತದ ಹೆಚ್ಚಿನ ವರ್ಗವನ್ನು ನಡೆಸಿದೆ. ಆ ವರ್ಷ ಮಕ್ಕಳ ಗುಣಗಳು ಏರಿದವು. ಇದೇ ವೇದಿಕೆಯಿಂದ ಅದನ್ನು ಹೆಮ್ಮೆಯಿಂದ ಸಾರಿದೆ. ತಾವೆಲ್ಲ ಚಪ್ಪಾಳೆ ತಟ್ಟಿದಿರಿ. ಮುಂದೆ ನೆರೆಯೂರಿನ ಒಬ್ಬ ಮುಖ್ಯೋಪಾಧ್ಯಾಯರೊಡನೆ ಮಾತನಾಡುವಾಗ ತಿಳಿದ ಸಂಗತಿಯೆಂದರೆ, ಅವರಲ್ಲಿ ಸಾಯಂಕಾಲದ ವರ್ಗವೇ ಇರಲಿಲ್ಲ. ಗುಣಗಳು ಮಾತ್ರ ನಮ್ಮಷ್ಟೇ ಏರಿದ್ದವು. ಆ ವರ್ಷದ ಪ್ರಶ್ನಪತ್ರಿಕೆ ಸುಲಭವಾಗಿತ್ತು! ನನ್ನ ಶ್ರಮದಿಂದ ಏನಾದರೂ ಫಲ ಬಂದಿತೋ ಇಲ್ಲವೋ ಎಂಬುದು ಇಂದಿಗೂ ನನಗೆ ತಿಳಿಯದು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ನೀರು ನಿಂತಿತೇ ಎಂಬುದನ್ನು ದಂಡೆಯ ಮೇಲೆ ನಿಂತ ಯಾರಾದರೂ ನೋಡಿ ಹೇಳಬಹುದು. ಶಾಲೆಯ ಯೋಜನೆ, ಆರೋಗ್ಯದ ಯೋಜನೆ ಹಾಗಲ್ಲ. ಮಗು ಹೇಗೂ ಬೆಳೆಯುತ್ತದೆ, ಹೇಗೂ ಸ್ವಲ್ಪ ಕಲಿಯುತ್ತದೆ. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣುವ ಉಪಾಯ ಹುಟ್ಟಿದ್ದು ಹೊಲದಲ್ಲಿ.

ರೈತ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಗೊಬ್ಬರವನ್ನು ಎರೆಭೂಮಿಯ ಹೊಲಕ್ಕೆ ಹಾಕಿ, ಹಾಕದ ಹೊಲ ಮಸಬಾಗಿದ್ದರೆ, ಜೋಳ ಹೆಚ್ಚಿಗೆ ಬಂದದ್ದು ಗೊಬ್ಬರದಿಂದಲೋ ಮಣ್ಣಿನಿಂದಲೋ? ಇಂಗ್ಲಂಡದ ರೊಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ೧೯೧೯ರಿಂದ ಕೆಲಸ ಮಾಡಿದ ರೊನಾಲ್ಡ್ ಫಿಶರ್ ಎಂಬ ಪಂಡಿತರು ಇದಕ್ಕೊಂದು ಮಾರ್ಗ ತೋರಿದರು. ಹೊಲವನ್ನು ಸಣ್ಣ ತುಂಡುಗಳಾಗಿ ಮಾಡಿ, ಯಾವ ತುಂಡಿಗೆ ಗೊಬ್ಬರವೆಂಬುದನ್ನು ಚೀಟಿ ಎತ್ತಿ ನಿರ್ಣಯಿಸಬೇಕು. ಆಗ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡೂ ಪಾಲಿಗೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತವೆ. ಉಳಿಯುವ ಅಂತರ ಗೊಬ್ಬರದ್ದು. ೧೯೩೩ರಲ್ಲಿ ನಮ್ಮ ಸೋಲಾಪುರದಲ್ಲಿಯೇ ಒಣಬೇಸಾಯದ ಸಂಶೋಧನ ಕೇಂದ್ರ ಆರಂಭವಾಯಿತು. ಇಂಥ ತುಂಡುಹೊಲಗಳ ಪ್ರಯೋಗ ಈ ಭಾಗದ ಜನರಿಗೆ ಹೊಸತಲ್ಲ.

ಇದೇ ರೀತಿಯನ್ನು ಜನಹಿತದ ಯೋಜನೆಗಳಿಗೆ ಅನ್ವಯಿಸಿದ್ದಕ್ಕಾಗಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೇಮರ್ ಈ ಮೂವರಿಗೆ ೨೦೧೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಬ್ಯಾನರ್ಜಿಯವರು ಹುಟ್ಟಿದ್ದು ಮುಂಬಯಿಯಲ್ಲಿ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಲಿ. ಅವರೂ ಸಂಗಡಿಗರೂ ೨೦೦೩ರಲ್ಲಿ ಅಮೇರಿಕೆಯಲ್ಲಿ ಸ್ಥಾಪಿಸಿದ ಸಂಸ್ಥೆಯು ಸರಕಾರಗಳಿಗೂ ಸ್ಥಾನಿಕ ಸಂಸ್ಥೆಗಳಿಗೂ ಇಂಥ ಪರೀಕ್ಷೆಗಳನ್ನು ನಡೆಸಲು ನೆರವಾಗುತ್ತದೆ. ತಮಿಳುನಾಡು ಸರಕಾರವು ೨೦೧೪ರಲ್ಲಿ ಅದರೊಡನೆ ಒಪ್ಪಂದ ಮಾಡಿಕೊಂಡಿತು.

ವಡೋದರಾ ನಗರದ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮ ಚೀಟಿಯ ಕಲ್ಪನೆ ಬಂದದ್ದು ಅಲ್ಲಿಂದ. ‘ಪ್ರಥಮ್’ ಸಂಸ್ಥೆಯು ನಗರಪಾಲಿಕೆಯ ಶಾಲೆಗಳಿಗೆ ‘ಬಾಲಸಖಿ’ ಎಂಬ ತರುಣಿಯರನ್ನು ಕಳುಹಿಸಿತು. ಓದಿನಲ್ಲಿ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆಯಾಗಿ ಕೂಡಿಸಿಕೊಂಡು ಮೂಲಪಾಠ ಕಲಿಸುವುದು ಅವರ ಕೆಲಸ. ೨೦೦೧-೦೨ರಲ್ಲಿ ಅರ್ಧ ಶಾಲೆಗಳಲ್ಲಿ ಮೂರನೆಯ ಇಯತ್ತೆಗೆ, ಉಳಿದರ್ಧದಲ್ಲಿ ನಾಲ್ಕನೆಯದಕ್ಕೆ ಅವರನ್ನು ಕೊಟ್ಟರು. ಮರುವರ್ಷ ಅದಲುಬದಲು ಮಾಡಿದರು. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಹೋಲಿಸಿ ನೋಡಲು ಜೊತೆಯೂ ಸಿಕ್ಕಿತು. ಮಕ್ಕಳ ಕಲಿಕೆ ಏರಿತು; ಎಲ್ಲರಿಗಿಂತ ಹಿಂದುಳಿದವರಿಗೇ ಹೆಚ್ಚು ಲಾಭವಾಯಿತು. ಆದರೆ ಬಾಲಸಖಿ ಹೋದ ಒಂದು ವರ್ಷದ ತರುವಾಯ ಆ ಲಾಭದ ಬಹುಪಾಲು ಕರಗಿತ್ತು. ಇದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ನಾನಾಗಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ!

ನಮ್ಮ ನೆರೆಯ ಜಿಲ್ಲೆಗಳಿಗೆ ಬರೋಣ. ಕರಮಾಳೆಯನ್ನು ದಾಟಿದರೆ ಅಹಮದನಗರ ಜಿಲ್ಲೆ, ಇಂದಿನ ಅಹಿಲ್ಯಾನಗರ. ಅಲ್ಲಿ ೨೦೦೪ರಲ್ಲಿ ಸ್ವಚ್ಛತಾ ಅಭಿಯಾನವನ್ನು ೬೦ ಹಳ್ಳಿಗಳಲ್ಲಿ ಪರೀಕ್ಷಿಸಿದರು. ಚೀಟಿಯಲ್ಲಿ ಬಂದ ೩೦ ಹಳ್ಳಿಗಳಿಗೆ ಮೊದಲು ಶೌಚಗೃಹಗಳ ಪ್ರಚಾರ. ಆ ಹಳ್ಳಿಗಳ ಮಕ್ಕಳು ಎತ್ತರದಲ್ಲಿ ಮುಂದಾದರು. ನಾಲ್ಕು ವರ್ಷದ ಮಗುವಿನಲ್ಲಿ ಸುಮಾರು ಒಂದು ಸೆಂಟಿಮೀಟರಿಗೂ ಹೆಚ್ಚು. ನಾಂದೇಡ, ನಂದುರಬಾರ ಜಿಲ್ಲೆಗಳಲ್ಲಿಯೂ ಮಾಡಬೇಕೆಂದಿದ್ದ ಈ ಪರೀಕ್ಷೆ ಅಲ್ಲಿ ನಡೆಯಲೇ ಇಲ್ಲ. ಮುಂದೆ ಒಡಿಶಾದ ೧೦೦ ಹಳ್ಳಿಗಳಲ್ಲಿ ಇಂಥದೇ ಪರೀಕ್ಷೆಯಾದಾಗ ಮಕ್ಕಳ ಆರೋಗ್ಯದಲ್ಲಿ ಅಂತರ ಕಾಣಲಿಲ್ಲ. ಅಲ್ಲಿ ಶೌಚಗೃಹಗಳು ಎದ್ದಿದ್ದರೂ ಅವನ್ನು ಉಪಯೋಗಿಸದವರು ಬಹಳ. ಆದುದರಿಂದ ಒಂದೂರಿನ ಉತ್ತರವನ್ನು ಇನ್ನೊಂದೂರು ಕಣ್ಣುಮುಚ್ಚಿ ನಂಬುವಂತಿಲ್ಲ.

ಇತ್ತ ಅಕ್ಕಲಕೋಟೆಗೆ ಹೊಂದಿಕೊಂಡಿರುವ ಕಲಬುರ್ಗಿ ಜಿಲ್ಲೆ. ಅಲ್ಲಿಯೂ ಮೈಸೂರು ಜಿಲ್ಲೆಯಲ್ಲಿಯೂ ೨೦೧೩ರಿಂದ ಕೆಲವು ವರ್ಷ, ೪೩೫ ಹಳ್ಳಿಗಳ ಸುಮಾರು ೧೧,೦೦೦ ಕುಟುಂಬಗಳಲ್ಲಿ ಸರಕಾರದ ಆಸ್ಪತ್ರೆ ವಿಮೆಯ ಪರೀಕ್ಷೆ ನಡೆಯಿತು. ಚೀಟಿಯಂತೆ ಕೆಲವರಿಗೆ ವಿಮೆ ಉಚಿತ, ಕೆಲವರಿಗೆ ಹಣಕ್ಕೆ, ಕೆಲವರಿಗೆ ಇಲ್ಲವೇ ಇಲ್ಲ. ಉಚಿತವಾಗಿ ಕೊಟ್ಟಾಗ ಬಹುಜನ ಪಡೆದರು. ದವಾಖಾನೆಯಲ್ಲಿ ಅದರ ಉಪಯೋಗವೂ ಹೆಚ್ಚಿತು. ಮೂರೂವರೆ ವರ್ಷಗಳ ಬಳಿಕ ನೋಡಿದರೆ ಜನರ ಆರೋಗ್ಯದಲ್ಲಿ ಗುರುತಿಸುವಂಥ ಸುಧಾರಣೆ ಬಹಳ ಕಡಿಮೆ. ಕಾರ್ಡನ್ನು ಮನೆಯಲ್ಲಿ ಮರೆತು ಬಂದವರು, ಅದನ್ನು ಹೇಗೆ ಉಪಯೋಗಿಸಬೇಕೆಂದು ತಿಳಿಯದವರು ಅನೇಕರಿದ್ದರು. ಕಾರ್ಡುಗಳನ್ನು ಮಾತ್ರ ಎಣಿಸುವ ಕಚೇರಿಗೆ ಇದು ಎಂದಾದರೂ ತಿಳಿಯುತ್ತಿತ್ತೇ?

ನಮ್ಮ ಕಡೆ ಯೋಜನೆಯ ಕೊನೆ ಎಂದರೆ ಹಣ ವೆಚ್ಚವಾದ ಪ್ರಮಾಣಪತ್ರ. ಹಣ ಮುಟ್ಟಿದ್ದಕ್ಕೆ ದಾಖಲೆ ಇರುತ್ತದೆ, ಮಗು ಓದಲು ಕಲಿತದ್ದಕ್ಕೆ ಇರುವುದಿಲ್ಲ. ಜಿಲ್ಲಾ ಪರಿಷತ್ತಿಗೆ ಬರುವ ಹಣವಾದರೂ ಎಲ್ಲ ಊರುಗಳಿಗೆ ಒಮ್ಮೆಲೇ ಸಾಲದು. ಯಾರಿಗೋ ಮೊದಲು, ಯಾರಿಗೋ ನಂತರ. ಆ ಮೊದಲು-ನಂತರವನ್ನು ಇಂದು ವಶೀಲಿ ನಿರ್ಣಯಿಸುತ್ತದೆ. ಅದನ್ನೇ ಬಹಿರಂಗವಾಗಿ ಚೀಟಿಯಿಂದ ನಿರ್ಣಯಿಸಿದರೆ ಹೆಚ್ಚಿನ ಖರ್ಚಿಲ್ಲದೆ ಯೋಜನೆಯ ಸತ್ಯ ತಿಳಿಯುತ್ತದೆ.

“ನಮ್ಮ ಮಕ್ಕಳನ್ನು ಪ್ರಯೋಗಕ್ಕೆ ಒಡ್ಡುವಿರಾ?” ಎಂದು ಒಬ್ಬ ತಾಯಿ ಕೇಳಿದರು. ಪ್ರಶ್ನೆ ಹಗುರವಾದುದಲ್ಲ. ಗುಣ ಕೊಡುವುದೆಂದು ಈಗಾಗಲೇ ನಿಶ್ಚಿತವಾದ ಲಸಿಕೆಯನ್ನು ಚೀಟಿಯ ನೆಪದಲ್ಲಿ ತಡೆಹಿಡಿದರೆ ಅದು ಪಾಪ. ಆದರೆ ಎಲ್ಲರಿಗೂ ಸಾಲದೆ ಇರುವಾಗ, ಫಲವೂ ಸಂಶಯದಲ್ಲಿರುವಾಗ, ಚೀಟಿಗಿಂತ ನಿಷ್ಪಕ್ಷಪಾತವಾದ ಹಂಚಿಕೆ ನನಗೆ ತಿಳಿದಿಲ್ಲ. ಮೊದಲು ಬಂದು ಕೇಳಿದ ಪಾಲಕರ ಮಕ್ಕಳಿಗೇ ಸಹಾಯಕಿಯನ್ನು ಕೊಟ್ಟೆನೆಂದಿಟ್ಟುಕೊಳ್ಳಿ. ಬಂದು ಕೇಳುವಷ್ಟು ಆಸ್ಥೆಯುಳ್ಳ ಮನೆಯ ಮಗು ಹೇಗೂ ಮುಂದೆ ಬರುತ್ತದೆ. ಕೂಲಿ ಬಿಟ್ಟು ಶಾಲೆಗೆ ಬರಲಾಗದ ತಾಯಿಯ ಮಗುವಿನ ಪರವಾಗಿ ಕೇಳುವವರು ಯಾರು? ಚೀಟಿಗೆ ಆ ಭೇದ ತಿಳಿಯದು.

ನಾಲ್ಕು ತುಕಡಿಗಳಿಂದ ದೊಡ್ಡ ಸಿದ್ಧಾಂತ ಹೊರಡದೆಂಬುದನ್ನು ಬಲ್ಲೆ. ನೂರಾರು ಶಾಲೆಗಳುಳ್ಳ ಜಿಲ್ಲಾ ಪರಿಷತ್ತೇ ಮಾಡಬೇಕಾದ ಕೆಲಸವಿದು. ಅಲ್ಲಿಗೆ ಒಂದು ಅರ್ಜಿಯನ್ನೂ ಸಿದ್ಧಪಡಿಸಿದ್ದೇವೆ. ಅಷ್ಟರವರೆಗೆ ನಮ್ಮ ಅಂಗಳದಲ್ಲಿ ನಡೆಯುವುದಿಷ್ಟು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ಶನಿವಾರ ಮುಂಜಾನೆ, ತಮ್ಮೆಲ್ಲರ ಎದುರಿಗೆ, ಒಂದನೆಯ ಇಯತ್ತೆಯ ಮಗುವೊಂದು ತಂಬಿಗೆಯಿಂದ ಚೀಟಿ ಎತ್ತುವುದು. ಪ್ರತಿ ಇಯತ್ತೆಯಲ್ಲಿ ಒಂದು ತುಕಡಿಗೆ ದೀಪಾವಳಿಯ ವರೆಗೆ, ಇನ್ನೊಂದಕ್ಕೆ ದೀಪಾವಳಿಯ ನಂತರ ಸಹಾಯಕಿ ಬರುವಳು. ರಜೆಗೆ ಮುಂಚೆ ನಾಲ್ಕೂ ತುಕಡಿಗಳಿಗೆ ಒಂದೇ ಓದಿನ ಪರೀಕ್ಷೆ; ಅದನ್ನು ನಡೆಸುವವರು ಬೇರೆ ಶಾಲೆಯ ಶಿಕ್ಷಕರು. ಫಲ ಬರಲಿ, ಬಾರದಿರಲಿ, ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಇದ್ದುದು ಇದ್ದಂತೆ ಅಚ್ಚಾಗುವುದು. ಸಾಯಂಕಾಲದ ಗಣಿತ ವರ್ಗದ ಬಗ್ಗೆ ಈ ವೇದಿಕೆಯಿಂದ ಹಿಂದೆ ಆಡಿದ ಮಾತನ್ನು ಇಂದು ಹಿಂದೆಗೆದುಕೊಳ್ಳುತ್ತೇನೆ.